ಕಾಲುವೆ ನೀರು, ರೆಕ್ಕೆಯ ಗಾಳಿ

ಸಿಂಧನೂರು ಕಡೆಯ ಯಾವ ಚಹಾದಂಗಡಿಯಲ್ಲಿ ಕೂತರೂ ಮಾತು ಕೊನೆಗೆ ಬಂದು ನಿಲ್ಲುವುದು ನೀರಿನ ಹತ್ತಿರ. ತುಂಗಭದ್ರಾ ಡ್ಯಾಮಿಗೆ ಒಳಹರಿವು ಎಷ್ಟಿದೆ, ಕಾಲುವೆಗೆ ಎಂದು ಬಿಡುತ್ತಾರೆ, ಎರಡನೇ ಬೆಳೆಗೆ ಸಿಗುತ್ತದೋ ಇಲ್ಲವೋ, ಕೆಳಭಾಗದ ರೈತರ ಗತಿಯೇನು. ಆರ್.ಎಚ್. ಕ್ಯಾಂಪಿನಲ್ಲಿ ಇದೇ ಮಾತು ಕನ್ನಡ, ತೆಲುಗು, ಹಿಂದಿ, ಬಂಗಾಳಿ ನಾಲ್ಕರಲ್ಲೂ ನಡೆಯುತ್ತದೆ. ಒಂದೇ ವಾಕ್ಯದಲ್ಲಿ ನಾಲ್ಕೂ ಬೆರೆಯುವುದುಂಟು. ನಾನು ಹೇಳಹೊರಟಿರುವುದು ವಿಮಾನದ ಮಾತು, ವಿಮಾನ ಕಟ್ಟಿದವರ ಬದುಕಿನ ಮಾತು. ಆದರೆ ಈ ನೆಲದಲ್ಲಿ ಕೂತು ಹೇಳುವಾಗ ಅದನ್ನೂ ನೀರಿನಿಂದಲೇ ಶುರು ಮಾಡುವುದು ಸರಿ. ವಿಮಾನಶಾಸ್ತ್ರದ ಒಂದು ದೊಡ್ಡ ವಿಚಾರ ಒಂದು ಪುಟ್ಟ ಕಾಲುವೆಯ ದಡದಲ್ಲಿ ಶುರುವಾದದ್ದು.

ಅದಕ್ಕೂ ಮುಂಚೆ ಕ್ಯಾಂಪಿನ ಬಗ್ಗೆ ಎರಡು ಮಾತು. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳನ್ನು ಸರ್ಕಾರ ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ನೆಲೆಗೊಳಿಸಿತು. ಒಂದು, ಎರಡು, ಮೂರು ಎಂದು ನಂಬರು ಹಾಕಿದ ಪುನರ್ವಸತಿ ಕ್ಯಾಂಪುಗಳು, ಜನರ ಬಾಯಲ್ಲಿ ಆರ್.ಎಚ್. ಕ್ಯಾಂಪುಗಳು. ಆಗ ಬಂದವರಿಗೆ ಈ ಎರೆಮಣ್ಣು ಹೊಸದು, ಬೇಸಿಗೆಯ ಬಿಸಿಲು ಹೊಸದು, ಜೋಳದ ರೊಟ್ಟಿ ಹೊಸದು. ಗೊತ್ತಿದ್ದದ್ದು ಭತ್ತ, ಮೀನು ಮತ್ತು ನೀರು. ಇವತ್ತು ಅಲ್ಲಿ ದಸರಾ ಹೊತ್ತಿಗೆ ದುರ್ಗಾಪೂಜೆ ನಡೆಯುತ್ತದೆ, ಮಕ್ಕಳು ಕನ್ನಡ ಶಾಲೆಗೆ ಹೋಗುತ್ತಾರೆ. ಪೌರತ್ವದ ಪತ್ರ, ಜಾತಿ ಪ್ರಮಾಣಪತ್ರ ಎಂದು ಕಚೇರಿಯಿಂದ ಕಚೇರಿಗೆ ಅಲೆದ ಹಿರಿಯರ ಮೊಮ್ಮಕ್ಕಳು ಈಗ ಪಿಯುಸಿ ಸೈನ್ಸ್ ಓದುತ್ತಿದ್ದಾರೆ.

ಆ ಮೊಮ್ಮಕ್ಕಳಲ್ಲಿ ಒಬ್ಬ ಕೇಳಿದ ಪ್ರಶ್ನೆಯೇ ನನ್ನನ್ನು ಇಷ್ಟು ಉದ್ದ ಹರಟಲು ಹಚ್ಚಿದ್ದು: "ಸರ್, ಏರೋನಾಟಿಕಲ್ ಓದಿದರೆ ನೌಕರಿ ಸಿಗ್ತದೇನ್ರಿ?" ಪಕ್ಕದಲ್ಲಿದ್ದ ಅವನ ತಂದೆಯ ಮುಖದಲ್ಲಿಯೂ ಅದೇ ಪ್ರಶ್ನೆ ಇತ್ತು. ಇದನ್ನು ಹಗುರವಾಗಿ ಕಾಣಬಾರದು. ರೈಲು ಸಿಂಧನೂರಿಗೆ ಬಂದದ್ದೇ 2024ರಲ್ಲಿ. ಗಿಣಿಗೇರಾ–ಮೆಹಬೂಬ್‌ನಗರ ಮಾರ್ಗಕ್ಕೆ ಮಂಜೂರಾತಿ ಸಿಕ್ಕು ಒಂದು ತಲೆಮಾರೇ ಕಳೆದ ಮೇಲೆ. ಅಂಥ ಊರಿನ ಹುಡುಗ ತಲೆಯೆತ್ತಿ ವಿಮಾನದ ಕನಸು ಕಾಣುತ್ತಾನೆಂದರೆ ಅವನಿಗೆ ಸಂಬಳದ ಲೆಕ್ಕ ಒಪ್ಪಿಸಿ ಕಳಿಸುವುದು ನ್ಯಾಯವಲ್ಲ. ಈ ವಿದ್ಯೆಯಲ್ಲಿ ದೊಡ್ಡವರಾದವರು ಹೇಗೆ ದೊಡ್ಡವರಾದರು ಎಂಬ ಕಥೆಯನ್ನು ಪೂರ್ತಿ ಹೇಳಬೇಕು. ಅದು ಹುದ್ದೆಯಿಂದ ಹುದ್ದೆಗೆ ಏರಿದ ಕಥೆ ಅಲ್ಲವೇ ಅಲ್ಲ. ಸರಿಯಾದ ಹೊತ್ತಿಗೆ ಸರಿಯಾದ ಮೇಷ್ಟ್ರು ಸಿಕ್ಕ ಕಥೆ.

ಕಾಲುವೆಯ ದಡಕ್ಕೆ ಹೋಗಿ ಎರಡು ಹುಲ್ಲುಕಡ್ಡಿ ಎಸೆದು ನೋಡಿ. ನಡುವೆ ಬಿದ್ದದ್ದು ಸರ್ರನೆ ಓಡುತ್ತದೆ. ಗೋಡೆಗೆ ಹತ್ತಿಕೊಂಡಂತೆ ಬಿದ್ದದ್ದು ಹಿಂದೆ ಉಳಿಯುತ್ತದೆ, ಒಮ್ಮೊಮ್ಮೆ ಸುಳಿಗೆ ಸಿಕ್ಕು ಅಲ್ಲಿಯೇ ತಿರುಗುತ್ತದೆ. ಗೋಡೆಗೆ ತಾಗಿದ ನೀರು ಗೋಡೆಯನ್ನು ಬಿಡುವುದಿಲ್ಲ. ಅದರ ಮೇಲಿನ ಪದರ ಸ್ವಲ್ಪ ಜಾರುತ್ತದೆ, ಅದರ ಮೇಲಿನದು ಇನ್ನೂ ಸ್ವಲ್ಪ. ನಮ್ಮ ಕಡೆ ಕಾಲುವೆಯಲ್ಲಿ ಈಜು ಕಲಿತ ಪ್ರತಿಯೊಬ್ಬರ ಮೈಗೂ ಇದು ಗೊತ್ತು. ಲುಡ್ವಿಗ್ ಪ್ರಾಂಟ್ಲ್ ಎಂಬ ಜರ್ಮನ್ ಪ್ರಾಧ್ಯಾಪಕರು ಹ್ಯಾನೋವರ್‌ನಲ್ಲಿ ಕೈಯಿಂದ ತಿರುಗಿಸುವ ಚಕ್ರವಿದ್ದ ಒಂದು ಚಿಕ್ಕ ನೀರಿನ ಕಾಲುವೆ ಮಾಡಿಕೊಂಡು, ನೀರಿನಲ್ಲಿ ಮಿನುಗುವ ಖನಿಜದ ಕಣಗಳನ್ನು ತೇಲಿಬಿಟ್ಟು, ಈ ತೆಳು ಪದರದ ಆಟವನ್ನೇ ನೋಡುತ್ತ ಕೂತರು. 1904ರಲ್ಲಿ ಹೈಡೆಲ್ಬರ್ಗ್‌ನ ಗಣಿತ ಸಮ್ಮೇಳನದಲ್ಲಿ ಚಿಕ್ಕದೊಂದು ಪ್ರಬಂಧ ಓದಿದರು. ಗಡಿಪದರ ಎಂದು ಇವತ್ತು ಕರೆಯುವ ಆ ವಿಚಾರವಿಲ್ಲದೆ ರೆಕ್ಕೆಯ ಮೇಲೆ ಗಾಳಿ ಯಾಕೆ ಎಳೆಯುತ್ತದೆ, ಯಾವಾಗ ರೆಕ್ಕೆಯನ್ನು ಬಿಟ್ಟು ಚದುರುತ್ತದೆ, ವಿಮಾನ ಯಾಕೆ ಥಟ್ಟನೆ ಎತ್ತುಶಕ್ತಿ ಕಳೆದುಕೊಳ್ಳುತ್ತದೆ ಎಂಬುದಕ್ಕೆ ಉತ್ತರವಿರಲಿಲ್ಲ.

ಪ್ರಾಂಟ್ಲ್ ಆಮೇಲೆ ಗಟ್ಟಿಂಗನ್‌ಗೆ ಹೋದರು. ಅಲ್ಲಿಗೆ ಮಹಾರಾಷ್ಟ್ರದಿಂದ ವಿಷ್ಣು ಮಾಧವ ಘಾಟಗೆ ಎಂಬ ಯುವಕ ಹೋಗಿ 1936ರಲ್ಲಿ ಅವರ ಕೈಕೆಳಗೆ ಡಾಕ್ಟರೇಟ್ ಮುಗಿಸಿದರು. ಮರಳಿ ಬಂದು ಸೇರಿದ್ದು ಬೆಂಗಳೂರನ್ನು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಬೆಂಬಲದಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಇವತ್ತಿನ ಎಚ್‌ಎಎಲ್, ತೆರೆದಿದ್ದರು. 1942ರ ಡಿಸೆಂಬರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾಯಿತು. ಘಾಟಗೆ ಎರಡೂ ಕಡೆ ಇದ್ದರು: ಇಲ್ಲಿ ಪಾಠ, ಅಲ್ಲಿ ವಿನ್ಯಾಸ. ಅವರ ತಂಡ ರೂಪಿಸಿದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಬೆಂಗಳೂರಿನ ಮೇಲೆ ಹಾರಿತು. ನಮ್ಮ ದೇಶದಲ್ಲೇ ವಿನ್ಯಾಸಗೊಂಡ, ಪೂರ್ತಿ ಲೋಹದ ಆ ವಿಮಾನದಲ್ಲಿ ವಾಯುಪಡೆಯ ತಲೆಮಾರುಗಳು ಹಾರಾಟ ಕಲಿತವು. ಘಾನಾ ದೇಶವೂ ಕೊಂಡಿತು. ಪುಷ್ಪಕ್, ಕೃಷಕ್, ಕಿರಣ್ ವಿಮಾನಗಳೆಲ್ಲ ಅದೇ ವಿನ್ಯಾಸ ಕಚೇರಿಯಿಂದ ಬಂದವು. 1956ರಲ್ಲಿ ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಬಂದರು, 1961ರ ಜೂನ್ 17ರಂದು ಅವರ ತಂಡದ ಯುದ್ಧವಿಮಾನ ಮಾರುತ್ ಹಾರಿತು. ಮಾರುತ್‌ನ ಹೆಸರು ಎಲ್ಲರಿಗೂ ಗೊತ್ತು. ಅಂಥ ವಿಮಾನ ಕಟ್ಟಬಲ್ಲ ಕೈಗಳು ಬೆಂಗಳೂರಿನಲ್ಲಿ ಸಿದ್ಧವಾಗಿದ್ದುದು ಘಾಟಗೆಯಂಥವರು ಮೊದಲೇ ಪಟ್ಟ ಶ್ರಮದಿಂದ. ಅವರ ಹೆಸರು ನಮ್ಮ ಶಾಲೆಯ ಪಠ್ಯದಲ್ಲಿ ಇರಬೇಕಿತ್ತು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಈ ವಿದ್ಯೆಯ ಇನ್ನೊಂದು ಕವಲು ಅಮೆರಿಕವನ್ನು ಸುತ್ತಿ ಬಂತು. ಪ್ರಾಂಟ್ಲ್ ಅವರ ಶಿಷ್ಯ ಥಿಯೋಡರ್ ಫಾನ್ ಕಾರ್ಮಾನ್ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ಗೆ ಹೋದರು. ಅಲ್ಲಿ ಅವರ ಪ್ರಯೋಗಾಲಯ ಸೇರಿದವರು ಹಾನ್ಸ್ ಲೀಪ್‌ಮನ್. ಲೀಪ್‌ಮನ್ ಅವರ ಬಳಿ ಬಂದವರು ಸತೀಶ್ ಧವನ್.

ಧವನ್ ಅವರ ಓದನ್ನು ಕ್ಯಾಂಪಿನ ಹುಡುಗನಿಗೆ ಹೇಳಿದಾಗ ಅವನು ಕಣ್ಣು ಬಿಟ್ಟು ಕೇಳಿದ. ಲಾಹೋರಿನಲ್ಲಿ ಮೊದಲು ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ, ಆಮೇಲೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಆಮೇಲೆ ಮೆಕ್ಯಾನಿಕಲ್ ಎಂಜಿನಿಯರಿಂಗ್. ಅಷ್ಟಾದ ಮೇಲೆ ಸ್ವಲ್ಪ ಕಾಲ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ತರಬೇತಿ, ಅಲ್ಲಿಂದ ಅಮೆರಿಕ. ದೇಶ ಒಡೆದಾಗ ಅವರು ಓದಿದ ಲಾಹೋರು ಗಡಿಯ ಆಚೆಗೆ ಹೋಯಿತು. ಕ್ಯಾಂಪಿನ ಹಿರಿಯರ ಊರುಗಳು ಪೂರ್ವದ ಗಡಿಯ ಆಚೆಗೆ ಹೋದದ್ದೂ ಅದೇ ಒಡಕಿನಲ್ಲಿ. ಹುಡುಗನ ತಂದೆ ಅಲ್ಲಿಯತನಕ ಸುಮ್ಮನಿದ್ದವರು ಈ ಮಾತಿಗೆ ಕತ್ತೆತ್ತಿ, "ಅವರೂ ಹಾಗಾದರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು.

ಕ್ಯಾಲ್‌ಟೆಕ್‌ನಲ್ಲಿ ಧವನ್ ಮಾಡಿದ್ದೇನು? ಗಾಳಿ ಒಂದು ಫಲಕದ ಮೈಯನ್ನು ಸವರಿಕೊಂಡು ಹೋಗುವಾಗ ಎಷ್ಟು ಬಲದಿಂದ ಎಳೆಯುತ್ತದೆ ಎಂಬುದನ್ನು ನೇರವಾಗಿ ಅಳೆದರು. ಅಲ್ಲಿಯವರೆಗೆ ಅದನ್ನು ಬಹುಮಟ್ಟಿಗೆ ಸುತ್ತುಬಳಸಿ ಲೆಕ್ಕ ಹಾಕುತ್ತಿದ್ದರು. ಧವನ್ ಫಲಕದ ಒಂದು ಪುಟ್ಟ ಭಾಗವನ್ನು ಉಳಿದದ್ದರಿಂದ ಬಿಡಿಸಿ, ಅದು ಸರಿದ ಕೂದಲೆಳೆಯಷ್ಟು ದೂರದಿಂದ ಬಲ ಕಂಡುಹಿಡಿಯುವ ಸಾಧನ ಕಟ್ಟಿದರು. ಕಾಲುವೆಯ ಗೋಡೆ ನೀರನ್ನು ಎಷ್ಟು ಹಿಡಿದೆಳೆಯುತ್ತದೆ ಎಂದು ಗೋಡೆಯ ಒಂದು ಕಲ್ಲನ್ನೇ ಕೇಳುವ ಕೆಲಸ ಅದು. 1951ರಲ್ಲಿ ಡಾಕ್ಟರೇಟ್ ಮುಗಿಸಿ ಬೆಂಗಳೂರಿಗೆ ಬಂದವರು ಶಬ್ದಕ್ಕಿಂತ ವೇಗದ ಗಾಳಿ ಹಾಯಿಸುವ ಸುರಂಗವನ್ನು ಇನ್‌ಸ್ಟಿಟ್ಯೂಟಿನಲ್ಲಿ ಕಟ್ಟಿದರು. ಅದರ ಬಾಯಿ ಎಷ್ಟಿತ್ತು ಗೊತ್ತೇ? ಒಂದು ಇಂಚಿಗೆ ಮೂರು ಇಂಚು. ಅಷ್ಟು ಕಿರಿದಾದ ಬಾಯಿಯಿಂದ ದೇಶದ ಶಬ್ದಾತೀತ ವಾಯುವಿಜ್ಞಾನ ಶುರುವಾಯಿತು. ಮುಂದೆ ರಾಷ್ಟ್ರೀಯ ವಿಮಾನ ಪ್ರಯೋಗಾಲಯ, ನಾವೆಲ್ಲ ಎನ್‌ಎಎಲ್ ಎನ್ನುವುದು, 1.2 ಮೀಟರಿನ ದೊಡ್ಡ ಸುರಂಗ ಕಟ್ಟಿತು. ನಮ್ಮ ರಾಕೆಟ್‌ಗಳೂ ಯುದ್ಧವಿಮಾನಗಳೂ ಆಕಾಶ ಕಾಣುವ ಮುಂಚೆ ಅದರಲ್ಲಿ ಮೈಯೊಡ್ಡಿ ಬಂದಿವೆ. ಆ ಎನ್‌ಎಎಲ್ ಕೂಡ ಬೆಂಗಳೂರಿಗೆ ಬಂದ ಹೊಸತರಲ್ಲಿ ಜಯಮಹಲ್ ರಸ್ತೆಯ ಅರಮನೆ ಲಾಯದಲ್ಲಿ ಕೆಲಸ ಮಾಡಿತ್ತು.

1971ರ ಕೊನೆಗೆ, ದೇಶದ ಬಾಹ್ಯಾಕಾಶ ಕಾರ್ಯಕ್ರಮ ನಡೆಸುತ್ತಿದ್ದ ವಿಕ್ರಂ ಸಾರಾಭಾಯಿ ತೀರಿಕೊಂಡಾಗ ಧವನ್ ಕ್ಯಾಲ್‌ಟೆಕ್‌ನಲ್ಲಿ ರಜೆಯ ಮೇಲಿದ್ದರು. ಆ ಕಾರ್ಯಕ್ರಮ ವಹಿಸಿಕೊಳ್ಳಿ ಎಂದು ಪ್ರಧಾನಿ ಇಂದಿರಾ ಗಾಂಧಿ ಕೇಳಿದಾಗ ಅವರು ಎರಡು ಷರತ್ತು ಇಟ್ಟರು: ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು, ತಾನು ಇನ್‌ಸ್ಟಿಟ್ಯೂಟಿನ ನಿರ್ದೇಶಕನಾಗಿ ಮುಂದುವರಿಯಬೇಕು. ಎರಡೂ ಒಪ್ಪಿಗೆಯಾದವು. ಇಸ್ರೋ ಕಚೇರಿ ಬೆಂಗಳೂರಿನಲ್ಲಿ ಇರುವುದು ಒಬ್ಬ ಮೇಷ್ಟ್ರು ತನ್ನ ಶಾಲೆಯನ್ನು ಬಿಡಲು ಒಪ್ಪದಿದ್ದುದರಿಂದ. ಇದನ್ನು ಹೇಳುವಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಈ ಮೇಷ್ಟ್ರ ಕೈಗೆ ಮೊದಮೊದಲು ಸಿಕ್ಕ ಶಿಷ್ಯರಲ್ಲಿ ಒಬ್ಬರು ರೊದ್ದಂ ನರಸಿಂಹ. ರೊದ್ದಂ ಎಂಬುದು ಅನಂತಪುರ ಸೀಮೆಯ ಊರು, ನಮ್ಮ ಗಡಿಯ ಆಚೆಗೇ. ಅವರ ತಂದೆ ಆರ್.ಎಲ್. ನರಸಿಂಹಯ್ಯನವರು ಬೆಂಗಳೂರಿನಲ್ಲಿ ಭೌತಶಾಸ್ತ್ರ ಕಲಿಸುತ್ತ, ಕನ್ನಡದಲ್ಲಿ ವಿಜ್ಞಾನ ಬರೆದವರು. ಅವರ 'ಜಗತ್ತುಗಳ ಹುಟ್ಟು ಸಾವು' ಓದಿ ನಕ್ಷತ್ರಗಳ ಕಡೆ ತಿರುಗಿದ ಕನ್ನಡಿಗರು ಬಹಳ. ಅಂಥ ಮನೆಯ ಹುಡುಗ 1953ರಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಆದಾಗ ಆಪ್ತರು ಹೇಳಿದ್ದು ರೈಲ್ವೆ ಸೇರು, ಇಲ್ಲವೇ ಬರ್ಮಾ ಶೆಲ್ ಕಂಪನಿ ಸೇರು ಎಂದು. ಆದರೆ ಇನ್‌ಸ್ಟಿಟ್ಯೂಟಿನ ಅಂಗಳದಲ್ಲಿ ಯುದ್ಧಕಾಲದ ಒಂದು ಸ್ಪಿಟ್‌ಫೈರ್ ವಿಮಾನ ನಿಂತಿದ್ದನ್ನು ಅವರು ನೋಡಿದ್ದರು. ಆ ಯಂತ್ರದ ಮುಂದೆ ನಿಂತ ಹುಡುಗನಿಗೆ ರೈಲ್ವೆ ನೌಕರಿ ರುಚಿಸಲಿಲ್ಲ. ಧವನ್ ಬಳಿ ಸೇರಿ, ಶಾಂತವಾಗಿ ಹರಿಯುವ ಗಡಿಪದರ ಯಾವ ಹಂತದಲ್ಲಿ, ಹೇಗೆ, ಪ್ರಕ್ಷುಬ್ಧವಾಗುತ್ತದೆ ಎಂದು ಹುಡುಕಲು ಹತ್ತಿದರು. ನೀರು ನುಣ್ಣಗೆ ಹರಿಯುತ್ತಿದ್ದು ಒಂದು ಕಡೆ ಇದ್ದಕ್ಕಿದ್ದಂತೆ ಕಲಕಿಹೋಗುತ್ತದಲ್ಲ, ಅದು. ಒಮ್ಮೆಲೇ ಕಲಕುವುದಿಲ್ಲ, ಅಲ್ಲಲ್ಲಿ ಚುಕ್ಕೆಚುಕ್ಕೆಯಾಗಿ ಪ್ರಕ್ಷುಬ್ಧತೆ ಹುಟ್ಟಿ, ಹರಡಿ, ಕೂಡಿಕೊಳ್ಳುತ್ತದೆ. ಆ ಹರಡುವಿಕೆಗೆ ಒಂದು ನಿಯಮವಿದೆ ಎಂದು 1957ರಲ್ಲಿ ತೋರಿಸಿದರು. ಆಗ ಅವರಿಗೆ ವಯಸ್ಸು ಇಪ್ಪತ್ನಾಲ್ಕು. ಆಮೇಲೆ ಅವರೂ ಲೀಪ್‌ಮನ್ ಬಳಿಗೆ ಹೋಗಿ, 1961ರಲ್ಲಿ ಡಾಕ್ಟರೇಟ್ ಪಡೆದು, ಗುರುವಿನ ಹಾಗೆಯೇ ಹಿಂತಿರುಗಿದರು. 1984ರಿಂದ 1993ರವರೆಗೆ ಎನ್‌ಎಎಲ್ ನಿರ್ದೇಶಕರಾಗಿದ್ದರು.

ಪ್ರಾಂಟ್ಲ್, ಕಾರ್ಮಾನ್, ಲೀಪ್‌ಮನ್, ಧವನ್, ನರಸಿಂಹ. ಸಂಗೀತಗಾರರು ಘರಾಣೆ ಹೇಳುವ ಹಾಗೆ ಈ ವಂಶಾವಳಿ ಹೇಳಬಹುದು. ಕಿರಾಣಾ ಘರಾಣೆಯ ಸವಾಯಿ ಗಂಧರ್ವರು ಕುಂದಗೋಳದವರು, ಅವರ ಶಿಷ್ಯೆ ಗಂಗೂಬಾಯಿ ಹಾನಗಲ್, ಇನ್ನೊಬ್ಬ ಶಿಷ್ಯ ಭೀಮಸೇನ ಜೋಶಿ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಗಡಿಪದರದ ಘರಾಣೆ ಬೆಂಗಳೂರಿಗೆ ಹೇಗೆ ಬಂತು ಎಂದು ಮಾತ್ರ ನಾವು ಹೇಳಿಕೊಡುವುದಿಲ್ಲ. ಇಂಥವರ ಪರಿಚಯ ಬರೆಯುವಾಗ ಪತ್ರಿಕೆಗಳು ಹುದ್ದೆ, ಪ್ರಶಸ್ತಿ, ಸಮಿತಿಗಳ ಪಟ್ಟಿ ಕೊಡುತ್ತವೆ. ಆ ಪಟ್ಟಿ ಓದಿದ ಹುಡುಗನಿಗೆ ನಮಸ್ಕಾರ ಮಾಡಬೇಕೆನ್ನಿಸುತ್ತದೆಯೇ ಹೊರತು ನಾನೂ ಈ ಕೆಲಸ ಮಾಡಬಲ್ಲೆ ಎನ್ನಿಸುವುದಿಲ್ಲ. ಯಾವ ಪ್ರಶ್ನೆಯನ್ನು ಹಿಡಿದು ಕೂತರು, ಯಾರು ಆ ಪ್ರಶ್ನೆ ಕೊಟ್ಟರು ಎಂದು ಬರೆದರೆ ಬೇರೆ ಮಾತು.

ನರಸಿಂಹ ಅವರ ಬದುಕಿನಲ್ಲಿ ನಮ್ಮ ರೈತರಿಗೆ ಹತ್ತಿರವಾದದ್ದು ಇನ್ನೊಂದಿದೆ. ರೆಕ್ಕೆಯ ಮೇಲಿನ ಪ್ರಕ್ಷುಬ್ಧತೆ ಹಿಡಿದು ಹೊರಟವರು ಮುಂಗಾರಿನ ಮೋಡಕ್ಕೆ ಬಂದು ಮುಟ್ಟಿದರು. ನೆಲಕ್ಕೆ ತಾಗಿದ ವಾತಾವರಣವೂ ಒಂದು ಗಡಿಪದರವೇ. ರೆಕ್ಕೆಯ ಮೇಲೆ ಮಿಲಿಮೀಟರು, ಇಲ್ಲಿ ಕಿಲೋಮೀಟರು. 1990ರಲ್ಲಿ ಮುಂಗಾರಿನ ತಗ್ಗುಪಟ್ಟಿಯ ಉದ್ದಕ್ಕೂ ಗೋಪುರ ನಿಲ್ಲಿಸಿ ಗಾಳಿ ಅಳೆದ ಪ್ರಯೋಗದಲ್ಲಿ ಅವರದು ದೊಡ್ಡ ಪಾತ್ರ. ಎನ್‌ಎಎಲ್‌ನಲ್ಲಿ ಅವರ ಕಾಲದಲ್ಲಿ ಕಟ್ಟಿದ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕಯಂತ್ರ ರೆಕ್ಕೆಯ ಲೆಕ್ಕಕ್ಕೆಂದು ಹುಟ್ಟಿ, ಮಳೆಯ ಮುನ್ಸೂಚನೆಯ ಲೆಕ್ಕಕ್ಕೂ ದುಡಿಯಿತು. ಪಶ್ಚಿಮಘಟ್ಟದಲ್ಲಿ ಎಷ್ಟು ಸುರಿಯುತ್ತದೆ, ತುಂಗೆ ಭದ್ರೆಯರು ಎಷ್ಟು ತರುತ್ತಾರೆ ಎಂದು ಕಾಯುವ ಸಿಂಧನೂರಿನವರಿಗೆ ವಿಮಾನದ ಎಂಜಿನಿಯರಿಂಗ್ ದೂರದ ವಿದ್ಯೆ ಏನಲ್ಲ.

ಆರ್.ಎಚ್. ಕ್ಯಾಂಪಿನಿಂದ ಬಳ್ಳಾರಿ ಎಷ್ಟು ದೂರ? ಬಸ್ಸಿನಲ್ಲಿ ಎರಡು ಮೂರು ತಾಸು. ಆ ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದಿ, ಅನಂತಪುರದಲ್ಲಿ ಬಿ.ಎಸ್‌ಸಿ. ಮುಗಿಸಿದವರು ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್. ಕರಾವಳಿಯ ಹುಡುಗ ಓದಿಗಾಗಿ ಈ ಬಿಸಿಲ ನಾಡಿಗೆ ಬಂದದ್ದು. ಇಲ್ಲಿಂದ ಬನಾರಸ್, ಅಲ್ಲಿಂದ ಅಹಮದಾಬಾದಿಗೆ, ಸಾರಾಭಾಯಿ ಅವರ ಬಳಿಗೆ. ನಮ್ಮ ಮಕ್ಕಳಿಗೆ ಓದು ಎಂದರೆ ಬೆಂಗಳೂರಿಗೇ ಹೋಗಬೇಕು ಎಂದು ಹಟ ಹಿಡಿಯುವ ತಂದೆತಾಯಿಗಳ ಮುಂದೆ ಇದನ್ನು ಬಿಡದೆ ಹೇಳುತ್ತೇನೆ. ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ರಾವ್ ಅವರ ತಂಡ ಕಟ್ಟಿದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ತಂಡದ ಬಹುಪಾಲು ಜನ ಅಲ್ಲಿಯತನಕ ಉಪಗ್ರಹ ಕಂಡವರಲ್ಲ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಹೊತ್ತು ಹೋಯಿತು. ಬೆಂಗಳೂರಿನಲ್ಲಿ ಸಂಕೇತ ಹಿಡಿಯಲು ಬೇರೆ ಜಾಗವಿಲ್ಲದೆ ಒಂದು ಶೌಚಾಲಯವನ್ನೇ ದತ್ತಾಂಶ ಕೇಂದ್ರ ಮಾಡಿಕೊಂಡಿದ್ದರು ಎಂದು ರಾವ್ ಅವರೇ ಮುಂದೆ ಹೇಳಿದ್ದುಂಟು. ಕೆಲವೇ ದಿನದಲ್ಲಿ ವಿದ್ಯುತ್ ವ್ಯವಸ್ಥೆ ಕೆಟ್ಟು ಅದರ ವೈಜ್ಞಾನಿಕ ಪ್ರಯೋಗಗಳು ನಿಂತವು. ಆದರೆ ಆ ಶೆಡ್ಡಿನಲ್ಲಿ ಕೆಲಸ ಕಲಿತವರು ಮುಂದಿನ ಉಪಗ್ರಹಗಳನ್ನೆಲ್ಲ ಕಟ್ಟಿದರು. ತಗಡಿನ ಮಾಡಿನ ಕೆಳಗೆ ಬದುಕು ಶುರು ಮಾಡಿದ ಕ್ಯಾಂಪಿನವರಿಗೆ ಶೆಡ್ಡಿನ ಮಹತ್ವ ನಾನು ಹೇಳಿಕೊಡಬೇಕಾಗಿಲ್ಲ.

ಹುಡುಗನ ತಂಗಿಯೂ ಅಲ್ಲಿಯೇ ಇದ್ದಳು. ಅವಳಿಗಾಗಿ ನಾನು ಹೇಳಿದ್ದು ರಾಜೇಶ್ವರಿ ಚಟರ್ಜಿಯವರ ಕಥೆ. ಹೆಸರು ಕೇಳಿ ಬಂಗಾಳಿ ಎಂದುಕೊಂಡಳು. ಅಲ್ಲ, ಮೈಸೂರು ಸೀಮೆಯ ಕನ್ನಡದ ಹೆಣ್ಣುಮಗಳು, 1922ರಲ್ಲಿ ಹುಟ್ಟಿದವರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಇನ್‌ಸ್ಟಿಟ್ಯೂಟ್ ಸೇರಿ, ಯುದ್ಧ ಮುಗಿದ ಮೇಲೆ ಮಿಷಿಗನ್‌ಗೆ ಹೋಗಿ ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿದರು. ಇನ್‌ಸ್ಟಿಟ್ಯೂಟಿನ ಬಂಗಾಳಿ ಪ್ರಾಧ್ಯಾಪಕ ಶಿಶಿರ ಕುಮಾರ ಚಟರ್ಜಿಯವರನ್ನು ಮದುವೆಯಾದರು. ಗಂಡ ಹೆಂಡತಿ ಕೂಡಿ ಮೈಕ್ರೋವೇವ್ ಸಂಶೋಧನೆ ಕಟ್ಟಿದರು. ವಿಮಾನಕ್ಕೂ ಬಾಹ್ಯಾಕಾಶ ನೌಕೆಗೂ ಬೇಕಾದ ಆಂಟೆನಾ ಅವರ ವಿಷಯ. ವಿಮಾನದ ಮೈ ಮೇಲೆ ಆಂಟೆನಾ ಎದ್ದು ನಿಂತರೆ ಗಾಳಿಯ ಎಳೆತ ಹೆಚ್ಚುತ್ತದೆ, ಮೈಯೊಳಗೆ ಅಡಗಿದರೆ ಸಂಕೇತ ಕುಂದುತ್ತದೆ. ಆ ಇಕ್ಕಟ್ಟಿನ ನಡುವೆ ದಾರಿ ಹುಡುಕುವ ವಿದ್ಯೆ. ಕನ್ನಡವೂ ಬಂಗಾಳಿಯೂ ಒಂದೇ ಮನೆಯಲ್ಲಿ ವಿಜ್ಞಾನ ಮಾಡಿದ ಈ ಕಥೆಯನ್ನು ಆರ್.ಎಚ್. ಕ್ಯಾಂಪಿನ ಶಾಲೆಯಲ್ಲಿ ಪ್ರತಿ ವರ್ಷ ಯಾರಾದರೂ ಹೇಳಬೇಕು ಎಂಬುದು ನನ್ನ ಆಸೆ.

ಎಂಜಿನಿಯರ್ ಎಂದರೆ ಏನು ಎಂದು ಈ ಸೀಮೆಯವರಿಗೆ ಪುಸ್ತಕದಿಂದ ಹೇಳಬೇಕಾಗಿಯೂ ಇಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ನಡೆಯುತ್ತಿದೆ. ಆ ಚಿನ್ನದ ಬೆನ್ನು ಹತ್ತಿ ನಿಜಾಮರ ಕಾಲದಲ್ಲಿ ಓಡಾಡುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಬರಹ ಕಂಡರು. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನೇ ಅಶೋಕ ಎಂದು ಜಗತ್ತಿಗೆ ಖಚಿತವಾದದ್ದು ಅದರಿಂದ. ತನ್ನ ಕೆಲಸಕ್ಕೆ ಬೇಕಿಲ್ಲದ್ದನ್ನೂ ನಿಂತು ನೋಡಿದ ಕಣ್ಣು ಅದು.

ಇನ್ನು 2024ರ ಆಗಸ್ಟ್ 10ರ ರಾತ್ರಿಯನ್ನು ಯಾರು ಮರೆತಾರು? ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ತುಂಬಿದ ಡ್ಯಾಮು ಖಾಲಿಯಾಗುತ್ತದೆಂದು ನಾಲ್ಕು ಜಿಲ್ಲೆಯ ರೈತರು ಕಂಗಾಲಾದರು. ನಾಟಿ ಮಾಡಿದ ಗದ್ದೆ ಎದುರಿಗೇ ಇತ್ತು. ಆಗ ಬಂದವರು ಕನ್ನಯ್ಯ ನಾಯ್ಡು, ನಿವೃತ್ತಿಯ ವಯಸ್ಸು ಎಂದೋ ದಾಟಿದ ಗೇಟು ತಜ್ಞರು. ಹರಿಯುವ ನೀರಿನಲ್ಲಿಯೇ ಉಕ್ಕಿನ ಸ್ಟಾಪ್‌ಲಾಗ್ ಒಂದರ ಮೇಲೊಂದು ಇಳಿಸಿ ವಾರದೊಳಗೆ ನೀರು ನಿಲ್ಲಿಸಿದರು. ಆ ವಾರ ಕ್ಯಾಂಪಿನಲ್ಲಿ ಜನ ಮೊಬೈಲಿನಲ್ಲಿ ನೋಡುತ್ತಿದ್ದದ್ದು ಬರೀ ಅದನ್ನೇ.

ನನಗೆ ಆ ಚೈನು ನೋಡಿ ನೆನಪಾದದ್ದು ಕಾಮೆಟ್ ವಿಮಾನ. ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನ ಅದು. 1954ರಲ್ಲಿ ಜನವರಿಯಲ್ಲೊಂದು, ಏಪ್ರಿಲ್‌ನಲ್ಲೊಂದು ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿದ್ದವು. ಕಾರಣ ಹುಡುಕಲು ಬ್ರಿಟಿಷ್ ಎಂಜಿನಿಯರುಗಳು ಇಡೀ ವಿಮಾನದ ಒಡಲನ್ನು ಒಂದು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ನೀರಿನ ಒತ್ತಡ ಏರಿಸಿ ಇಳಿಸಿ, ಏರಿಸಿ ಇಳಿಸಿ, ಸಾವಿರಾರು ಹಾರಾಟಗಳ ದಣಿವನ್ನು ಕೆಲವೇ ವಾರಗಳಲ್ಲಿ ಕೊಟ್ಟರು. ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತು. ಲೋಹವೂ ದಣಿಯುತ್ತದೆ, ಒಂದೇ ಸಲದ ಹೊರೆಯಿಂದಲ್ಲ, ಮತ್ತೆ ಮತ್ತೆ ಬಂದ ಹೊರೆಯಿಂದ. ಎನ್‌ಎಎಲ್ ಅನ್ನು 1965ರಿಂದ 1984ರವರೆಗೆ ನಡೆಸಿದ ಎಸ್.ಆರ್. ವಲ್ಲೂರಿಯವರು ಈ ಲೋಹದ ದಣಿವಿನ ವಿದ್ಯೆಯಲ್ಲಿ ನುರಿತವರು. ಕಾಮೆಟ್ ಆದ ಮೇಲೆ ವಿಮಾನದ ಮುಖ್ಯ ಬಿಡಿಭಾಗಗಳಿಗೆಲ್ಲ ಜಾತಕ ಬರೆಯುವುದು ಕಟ್ಟುನಿಟ್ಟಾಯಿತು: ಎಂದು ಹುಟ್ಟಿತು, ಎಷ್ಟು ಗಂಟೆ ದುಡಿಯಿತು, ಯಾರು ಪರೀಕ್ಷೆ ಮಾಡಿದರು, ಎಂದು ತೆಗೆದುಹಾಕಬೇಕು. ಭಾಗ ಚೆನ್ನಾಗಿಯೇ ಕಾಣುತ್ತಿರುತ್ತದೆ, ಆದರೂ ಆಯಸ್ಸು ಮುಗಿಯಿತೆಂದರೆ ತೆಗೆಯಬೇಕು. ಡ್ಯಾಮಿನ ಗೇಟಿಗೂ ಕಾಲುವೆಯ ತೂಬಿಗೂ ಇಂಥ ಜಾತಕ ಬರೆಯುವ ಅಭ್ಯಾಸ ಬಂದರೆ ನಮ್ಮ ಸೀಮೆ ಉಳಿದುಕೊಳ್ಳುತ್ತದೆ.

ಅದಕ್ಕೇ ಹುಡುಗನ ತಂದೆಗೆ ಇದನ್ನೂ ಹೇಳಿದೆ: ಈ ಲೋಕದಲ್ಲಿ ವಿನ್ಯಾಸ ಮಾಡುವವರಷ್ಟೇ ದೊಡ್ಡವರು ಸಹಿ ಹಾಕುವವರು. ವಿಮಾನ ನಿರ್ವಹಣೆಯ ಎಂಜಿನಿಯರಿಗೆ ನಾಗರಿಕ ವಿಮಾನಯಾನ ನಿರ್ದೇಶನಾಲಯದ ಪರವಾನಗಿ ಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಆ ದಾರಿ ಹಿಡಿಯಬಹುದು. ದುರಸ್ತಿ, ನಿರ್ವಹಣೆ ಆದ ಮೇಲೆ ಅವರ ಸಹಿ ಬೀಳದೆ ವಿಮಾನ ನೆಲ ಬಿಡುವಂತಿಲ್ಲ. ಐಟಿಐ ಮಾಡಿದವರು ಎಚ್‌ಎಎಲ್‌ನಲ್ಲಿ ಅಪ್ರೆಂಟಿಸ್ ಆಗುತ್ತಾರೆ. ತುಮಕೂರು ಜಿಲ್ಲೆಯ ಗುಬ್ಬಿ ಹತ್ತಿರ ಅವರ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ತೆರೆದಿದೆ. ಬೆಳಗಾವಿಯ ಹತ್ತಿರ ಹತ್ತರಗಿಯಲ್ಲಿ ಅರವಿಂದ ಮೆಳ್ಳಿಗೇರಿಯವರು 2009ರಲ್ಲಿ ಕಟ್ಟಿದ ಏಕಸ್ ಕೈಗಾರಿಕಾ ವಲಯದಲ್ಲಿ ಸುತ್ತಲಿನ ಹಳ್ಳಿಯ ಹುಡುಗರು ಏರ್‌ಬಸ್ ವಿಮಾನದ ಭಾಗಗಳನ್ನು ಕಡೆಯುತ್ತಾರೆ. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಯಾವುದು ಓದಿದರೂ ಈ ಮನೆಯೊಳಗೆ ಬಾಗಿಲಿದೆ. ರೊದ್ದಂ ನರಸಿಂಹ ಓದಿದ್ದೂ ಮೊದಲು ಮೆಕ್ಯಾನಿಕಲ್ಲೇ. ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿ ಇದೆ, ಸೀಟಿನ ಮೀಸಲಾತಿ ಇದೆ. ಕ್ಯಾಂಪಿನ ಮನೆಗಳು ಮಾಡಬೇಕಾದದ್ದು ಒಂದೇ, ಕಾಗದಪತ್ರ ಈಗಿನಿಂದಲೇ ಸರಿಮಾಡಿಟ್ಟುಕೊಳ್ಳುವುದು. ಪೌರತ್ವದ ಪತ್ರಕ್ಕಾಗಿ ಅಜ್ಜ ಅಲೆದದ್ದು ಸಾಕು, ಮೊಮ್ಮಗನ ಇಂಟರ್‌ವ್ಯೂ ದಿನವೂ ಪತ್ರ 'ಬಂದಿಲ್ಲ' ಎಂದಾಗಬಾರದು.

ಮಾತು ಇಲ್ಲಿಗೆ ಬರುವ ಹೊತ್ತಿಗೆ ಗದ್ದೆಯ ಕಡೆಯಿಂದ ಡ್ರೋನಿನ ಸದ್ದು ಕೇಳುತ್ತಿತ್ತು. ಭತ್ತಕ್ಕೆ ಔಷಧಿ ಹೊಡೆಯಲು ಈಗ ಈ ಸೀಮೆಯಲ್ಲಿ ಡ್ರೋನು ಬಂದಿದೆ. ಹೊಲದ ಮೇಲೆ ವಿಮಾನ ಹಾರಿಸಿ ಔಷಧಿ ಸಿಂಪಡಿಸುವ ಯೋಚನೆ ಬೆಂಗಳೂರಿನ ಎಚ್‌ಎಎಲ್‌ಗೆ ಹಳೆಯದು. ಬಸಂತ್ ಎಂಬ ಕೃಷಿ ವಿಮಾನ 1972ರಲ್ಲಿ ಹಾರಿ, 39 ತಯಾರಾಗಿ ನಿಂತಿತು. ನಮ್ಮ ತುಂಡುಗದ್ದೆಗಳಿಗೆ ಅದು ದೊಡ್ಡದಾಯಿತು. ಡ್ರೋನು ಆ ಅಳತೆಗೆ ಸರಿಹೊಂದಿದೆ. ಎಸ್ಸೆಸ್ಸೆಲ್ಸಿ ಪಾಸಾಗಿ ಹದಿನೆಂಟು ತುಂಬಿದವರು ತರಬೇತಿ ಪಡೆದು ಪೈಲಟ್ ಪ್ರಮಾಣಪತ್ರ ಪಡೆಯಬಹುದು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡ್ರೋನ್ ಸಿಂಪರಣೆಯ ಸಂಶೋಧನೆಯೂ ನಡೆದಿದೆ.

ಆ ಹುಡುಗ ಡ್ರೋನಿನ ಹಿಂದೆ ಎಷ್ಟೋ ದಿನ ಓಡಾಡಿದ್ದಾನೆ. ರೆಕ್ಕೆಗಳು ಕೆಳಗೆ ತಳ್ಳುವ ಗಾಳಿಯಿಂದ ಭತ್ತದ ಎಲೆ ಹೇಗೆ ಮಗುಚುತ್ತದೆ, ಔಷಧಿ ಎಲೆಯ ಹೊಟ್ಟೆಗೂ ಹೇಗೆ ತಾಗುತ್ತದೆ ಎಂದು ಗಮನಿಸಿದ್ದಾನೆ. ಸಾಯಂಕಾಲ ಪಡುವಣ ಗಾಳಿ ಎದ್ದಾಗ ಹನಿ ಪಕ್ಕದ ಬದುವಿಗೆ ತೇಲುವುದನ್ನೂ ನೋಡಿದ್ದಾನೆ. ಬದುವಿನ ಆಚೆಗೆ ಅವರ ಚಿಕ್ಕಪ್ಪನ ಮೀನಿನ ಕೆರೆ ಇದೆ. ಭತ್ತದ ಹುಳಕ್ಕೆ ಹೊಡೆಯುವ ಎಷ್ಟೋ ಔಷಧಿ ಮೀನಿಗೆ ವಿಷ. "ಸರ್, ಹನಿ ಎಷ್ಟು ದಪ್ಪ ಇದ್ದರೆ, ಎಷ್ಟು ಎತ್ತರದಿಂದ ಬಿಟ್ಟರೆ ಕೆರೆಗೆ ಹೋಗಂಗಿಲ್ಲ? ಯಾರಾದರೂ ಅಳೆದಾರೇನ್ರಿ?" ಎಂದ. ಹನಿ ಸಣ್ಣದಾದಷ್ಟೂ ಎಲೆಗೆ ಚೆನ್ನಾಗಿ ಹರಡುತ್ತದೆ, ಸಣ್ಣದಾದಷ್ಟೂ ಗಾಳಿಗೆ ದೂರ ಹೋಗುತ್ತದೆ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದು ಆ ಗದ್ದೆಯ ಗಾಳಿ, ಆ ಡ್ರೋನು, ಆ ನಳಿಕೆಗೆ ತಕ್ಕಂತೆ ಬದಲಾಗುತ್ತದೆ. ನೀರಿಗೆ ಬಣ್ಣ ಬೆರೆಸಿ ಹಾರಿಸಿ, ಬದುವಿನ ಉದ್ದಕ್ಕೂ ಮಾರಿಗೊಂದರಂತೆ ಬಿಳಿ ಕಾಗದ ಇಟ್ಟು, ಬಿದ್ದ ಚುಕ್ಕೆ ಎಣಿಸಬಹುದು ಎಂದೆ. ಕಾಗದ ಸಾಕಾಗುತ್ತದೋ ಗಾಳಿಯ ವೇಗ ಅಳೆಯುವ ಯಂತ್ರವೂ ಬೇಕೋ ಎಂದು ಕೇಳಿದ. ಅದೂ ಬೇಕು. ಅದನ್ನು ಕಾಲೇಜಿನ ಪ್ರಯೋಗಾಲಯದಿಂದ ಕೇಳಿ ತರುವುದೆಂದೂ, ಮುಂದಿನ ಸಿಂಪರಣೆಗೆ ಮೊದಲೇ ಹಾರಿಸುವುದೆಂದೂ, ಕೆರೆಯ ಮಗ್ಗುಲಿನ ಕಾಗದ ಎಣಿಸುವ ಕೆಲಸ ತಂಗಿಯದೆಂದೂ ಅಣ್ಣತಂಗಿ ಅಲ್ಲೇ ನಿರ್ಧರಿಸಿದರು.